ಮುಚ್ಚಿದ ಪೆಟ್ಟಿಗೆಯ ಗುಟ್ಟು ಬಿಡಿಸಿದ ಗಣಿತಜ್ಞ: ಮರಿಯನ್ ರೆಯೆಫ್‌ಸ್ಕಿ

ಮಕ್ಕಳೇ, ನಿಮ್ಮ ಮುಂದೆ ಬೀಗ ಹಾಕಿದ ಒಂದು ಪೆಟ್ಟಿಗೆ ಇದೆ ಎಂದು ಕಲ್ಪಿಸಿಕೊಳ್ಳಿ. ಅದರ ಮೇಲೆ ಅಕ್ಷರಗಳ ಗುಂಡಿಗಳಿವೆ. ನೀವು ‘ಕ’ ಒತ್ತಿದರೆ ‘ತ’ ದೀಪ ಹೊತ್ತಿಕೊಳ್ಳುತ್ತದೆ. ಅದೇ ‘ಕ’ವನ್ನು ಇನ್ನೊಮ್ಮೆ ಒತ್ತಿದರೆ ಈ ಸಲ ‘ಮ’ ದೀಪ. ಮತ್ತೊಮ್ಮೆ ಒತ್ತಿದರೆ ‘ಚ’. ಒಳಗೆ ಯಾವ ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂಬುದು ಕಾಣುವುದಿಲ್ಲ. ಪೆಟ್ಟಿಗೆಯನ್ನು ಬಿಚ್ಚಿ ನೋಡುವಂತಿಲ್ಲ. ಅಷ್ಟೇ ಏಕೆ, ಆ ಪೆಟ್ಟಿಗೆಯೇ ನಿಮ್ಮ ಬಳಿ ಇಲ್ಲ! ಅದರಿಂದ ಹೊರಬಂದ ಅಕ್ಷರಗಳನ್ನು ಬರೆದುಕೊಂಡ ಚೀಟಿಗಳು ಮಾತ್ರ ಇವೆ. ಇಷ್ಟನ್ನೇ ಇಟ್ಟುಕೊಂಡು ಒಳಗಿನ ತಂತಿಗಳ ಜೋಡಣೆಯನ್ನು ಬರೆದು ತೋರಿಸಲು ಸಾಧ್ಯವೇ?

ಸಾಧ್ಯ ಎಂದು ತೋರಿಸಿದವರು ಪೋಲೆಂಡ್ ದೇಶದ ಗಣಿತಜ್ಞ ಮರಿಯನ್ ರೆಯೆಫ್‌ಸ್ಕಿ. ಅವರು ಈ ಕೆಲಸ ಮಾಡಿದಾಗ ಅವರಿಗೆ ಕೇವಲ 27 ವರ್ಷ. ಆ ಪೆಟ್ಟಿಗೆಯ ಹೆಸರು ಎನಿಗ್ಮಾ. ಎನಿಗ್ಮಾ ಎಂದರೆ ಒಗಟು ಎಂದೇ ಅರ್ಥ. ಈ ಒಗಟು ಬಿಡಿಸಿದವರ ಕಥೆಯನ್ನು ಈಗ ತಿಳಿಯೋಣ.

ಬಾಲ್ಯ ಮತ್ತು ಶಿಕ್ಷಣ

ರೆಯೆಫ್‌ಸ್ಕಿ 1905ರ ಆಗಸ್ಟ್ 16ರಂದು ಬಿಡ್ಗೋಶ್ಚ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಹೊಗೆಸೊಪ್ಪಿನ ವ್ಯಾಪಾರಿ. ಏಳು ಮಕ್ಕಳಲ್ಲಿ ಇವರೇ ಕೊನೆಯವರು. ಆಗ ಭೂಪಟದಲ್ಲಿ ಪೋಲೆಂಡ್ ಎಂಬ ಸ್ವತಂತ್ರ ದೇಶವೇ ಇರಲಿಲ್ಲ. ನೆರೆಯ ಸಾಮ್ರಾಜ್ಯಗಳು ಅದನ್ನು ಹಂಚಿಕೊಂಡಿದ್ದವು. ಬಿಡ್ಗೋಶ್ಚ್ ಜರ್ಮನಿಯ ಆಳ್ವಿಕೆಯಲ್ಲಿತ್ತು. ಮನೆಯ ಮಾತು ಪೋಲಿಷ್, ಶಾಲೆಯ ಮಾತು ಜರ್ಮನ್. ಹೀಗೆ ಎರಡೂ ಭಾಷೆಗಳು ಬಾಲಕನಿಗೆ ಚೆನ್ನಾಗಿ ಬಂದವು. ಮುಂದೆ ಇದೇ ಅವರಿಗೆ ಬಹಳ ಉಪಯೋಗಕ್ಕೆ ಬಂತು.

ಮೊದಲ ಮಹಾಯುದ್ಧ ಮುಗಿದ 1918ರಲ್ಲಿ ಪೋಲೆಂಡ್ ಮತ್ತೆ ಸ್ವತಂತ್ರ ದೇಶವಾಯಿತು. ರೆಯೆಫ್‌ಸ್ಕಿ ಪೋಜ್ನಾನ್ ವಿಶ್ವವಿದ್ಯಾಲಯಕ್ಕೆ ಸೇರಿ ಗಣಿತ ಓದಿದರು, 1929ರಲ್ಲಿ ಪದವಿ ಪಡೆದರು.

ಗುಟ್ಟಿನ ತರಗತಿ

ಹೊಸದಾಗಿ ಸ್ವತಂತ್ರವಾದ ಪೋಲೆಂಡ್‌ಗೆ ಒಂದು ಆತಂಕವಿತ್ತು. ಒಂದು ಕಡೆ ಜರ್ಮನಿ, ಇನ್ನೊಂದು ಕಡೆ ಸೋವಿಯತ್ ಒಕ್ಕೂಟ. ಇವರ ಸೈನ್ಯಗಳು ಏನು ಮಾಡುತ್ತಿವೆ ಎಂದು ಮೊದಲೇ ತಿಳಿಯದಿದ್ದರೆ ದೇಶ ಉಳಿಯುವುದು ಕಷ್ಟ. ಸೈನ್ಯದವರು ರೇಡಿಯೋ ಮೂಲಕ ಕಳುಹಿಸುವ ಸಂದೇಶಗಳನ್ನು ಯಾರು ಬೇಕಾದರೂ ಕೇಳಬಹುದು. ಆದರೆ ಅವು ಗೂಢಲಿಪಿಯಲ್ಲಿ ಇರುತ್ತಿದ್ದವು. ಕೇಳಿದರೂ ಅರ್ಥವಾಗುತ್ತಿರಲಿಲ್ಲ.

ಗೂಢಲಿಪಿ ಬಿಡಿಸುವುದು ಭಾಷೆ ಬಲ್ಲವರ ಕೆಲಸ ಎಂದು ಅಲ್ಲಿಯವರೆಗೆ ಎಲ್ಲರೂ ನಂಬಿದ್ದರು. ಪೋಲೆಂಡಿನ ಗೂಢಲಿಪಿ ಕಚೇರಿಯವರು ಬೇರೆ ರೀತಿ ಯೋಚಿಸಿದರು. ಯಂತ್ರ ಮಾಡಿದ ಗೂಢಲಿಪಿಯನ್ನು ಬಿಡಿಸಲು ಗಣಿತವೇ ಬೇಕು ಎಂದು ಅವರು ಮನಗಂಡರು. 1929ರ ಜನವರಿಯಲ್ಲಿ ಪೋಜ್ನಾನ್ ವಿಶ್ವವಿದ್ಯಾಲಯದಲ್ಲಿ ಜರ್ಮನ್ ಬಲ್ಲ ಗಣಿತ ವಿದ್ಯಾರ್ಥಿಗಳನ್ನು ಆರಿಸಿ ಗುಟ್ಟಾಗಿ ತರಗತಿ ನಡೆಸಿದರು. ಅಲ್ಲಿ ಮಿಂಚಿದ ಮೂವರೆಂದರೆ ರೆಯೆಫ್‌ಸ್ಕಿ, ಹೆನ್ರಿಕ್ ಜಿಗಾಲ್ಸ್ಕಿ ಮತ್ತು ಯೆಜಿ ರುಜಿಟ್ಸ್ಕಿ. 1932ರ ಸೆಪ್ಟೆಂಬರ್ 1ರಂದು ಮೂವರೂ ರಾಜಧಾನಿ ವಾರ್ಸಾದ ಗೂಢಲಿಪಿ ಕಚೇರಿಯಲ್ಲಿ ಕೆಲಸಕ್ಕೆ ಸೇರಿದರು. ಸ್ವಲ್ಪ ದಿನಗಳಲ್ಲೇ ರೆಯೆಫ್‌ಸ್ಕಿಯವರಿಗೆ ಒಂದು ಪ್ರತ್ಯೇಕ ಕೋಣೆ ಕೊಟ್ಟು, ಯಾರಿಗೂ ಹೇಳದಂತೆ ಎನಿಗ್ಮಾದ ಕೆಲಸವನ್ನು ಒಪ್ಪಿಸಲಾಯಿತು.

ಎನಿಗ್ಮಾ ಒಳಗೆ ಏನಿತ್ತು?

ಎನಿಗ್ಮಾ ನೋಡಲು ಟೈಪ್‌ರೈಟರ್‌ನಂತೆ ಇತ್ತು. ಇದನ್ನು ರೂಪಿಸಿದವರು ಜರ್ಮನಿಯ ಎಂಜಿನಿಯರ್ ಆರ್ತರ್ ಶೆರ್ಬಿಯಸ್. ವ್ಯಾಪಾರಿಗಳಿಗಾಗಿ ಮಾಡಿದ ಮಾದರಿ ಮಾರುಕಟ್ಟೆಯಲ್ಲಿ ಸಿಗುತ್ತಿತ್ತು. ಜರ್ಮನ್ ಸೈನ್ಯ ಅದರ ಒಳಜೋಡಣೆಯನ್ನೇ ಬದಲಿಸಿ, ಹೊಸ ಭಾಗವನ್ನೂ ಸೇರಿಸಿಕೊಂಡಿತ್ತು. ಸೈನ್ಯದ ಯಂತ್ರದಲ್ಲಿ ಮುಖ್ಯವಾಗಿ ಮೂರು ಭಾಗಗಳಿದ್ದವು.

ಒಂದು, ಮೂರು ಚಕ್ರಗಳು. ಪ್ರತಿ ಚಕ್ರದ ಎರಡೂ ಮುಖಗಳಲ್ಲಿ 26 ವಿದ್ಯುತ್ ಬಿಂದುಗಳು. ಒಂದು ಮುಖದ ಬಿಂದುವನ್ನು ಇನ್ನೊಂದು ಮುಖದ ಯಾವುದೋ ಬಿಂದುವಿಗೆ ತಂತಿಯಿಂದ ಜೋಡಿಸಿದ್ದರು. ಗುಂಡಿ ಒತ್ತಿದಾಗಲೆಲ್ಲ ಬಲಗಡೆಯ ಚಕ್ರ ಒಂದು ಹೆಜ್ಜೆ ತಿರುಗುತ್ತಿತ್ತು. ಆದ್ದರಿಂದಲೇ ಒಂದೇ ಅಕ್ಷರ ಪ್ರತಿ ಸಲವೂ ಬೇರೆ ಬೇರೆ ಅಕ್ಷರವಾಗಿ ಬರುತ್ತಿತ್ತು.

ಎರಡು, ಪ್ರತಿಫಲಕ. ಕನ್ನಡಿ ಬೆಳಕನ್ನು ಹಿಂದಕ್ಕೆ ಕಳುಹಿಸುವಂತೆ ಇದು ವಿದ್ಯುತ್ತನ್ನು ಮತ್ತೆ ಚಕ್ರಗಳ ಮೂಲಕವೇ ಹಿಂದಕ್ಕೆ ಕಳುಹಿಸುತ್ತಿತ್ತು.

ಮೂರು, ಮುಂಭಾಗದ ಪ್ಲಗ್ ಹಲಗೆ. ಆರು ತಂತಿಗಳಿಂದ ಆರು ಜೋಡಿ ಅಕ್ಷರಗಳನ್ನು ಅದಲು ಬದಲು ಮಾಡಬಹುದಾಗಿತ್ತು. ಆರು ತಂತಿಗಳನ್ನು ಸಿಕ್ಕಿಸುವ ರೀತಿಗಳು ಎಷ್ಟು ಗೊತ್ತೆ? ಹತ್ತು ಸಾವಿರ ಕೋಟಿಗೂ ಹೆಚ್ಚು! ಒಂದೊಂದನ್ನೇ ಪರೀಕ್ಷಿಸುತ್ತಾ ಹೋದರೆ ಜೀವಮಾನ ಸಾಲದು.

ಆದರೆ ಪ್ರತಿಫಲಕದಿಂದಾಗಿ ಯಂತ್ರಕ್ಕೆ ಒಂದು ಗುಣ ಬಂದಿತ್ತು. ಒಂದು ಸ್ಥಿತಿಯಲ್ಲಿ ‘ಕ’ ಒತ್ತಿದರೆ ‘ಗ’ ಬಂದರೆ, ಅದೇ ಸ್ಥಿತಿಯಲ್ಲಿ ‘ಗ’ ಒತ್ತಿದರೆ ‘ಕ’ ಬರಲೇಬೇಕು. ಅಂದರೆ ಪ್ರತಿ ಸ್ಥಿತಿಯಲ್ಲೂ 26 ಅಕ್ಷರಗಳು 13 ಜೋಡಿಗಳಾಗಿ ನಿಲ್ಲುತ್ತವೆ. ಸಂದೇಶ ಬರೆಯಲೂ ಓದಲೂ ಒಂದೇ ಯಂತ್ರ ಸಾಕಾಗಲಿ ಎಂದು ಮಾಡಿದ ಈ ಅನುಕೂಲವೇ ಅದರ ದೌರ್ಬಲ್ಯವೂ ಆಯಿತು.

ಆರು ಅಕ್ಷರಗಳ ಸುಳಿವು

ಜರ್ಮನ್ ಸೈನಿಕ ಪ್ರತಿ ಸಂದೇಶಕ್ಕೂ ಚಕ್ರಗಳ ಆರಂಭದ ಸ್ಥಾನವನ್ನು ಮೂರು ಅಕ್ಷರಗಳಲ್ಲಿ ತಾನೇ ಆರಿಸುತ್ತಿದ್ದ. ಅದು ಆ ಸಂದೇಶದ ಬೀಗದ ಕೈ ಇದ್ದಂತೆ. ಸಂದೇಶ ಪಡೆಯುವವನಿಗೂ ಅದು ತಿಳಿಯಬೇಕಲ್ಲವೇ? ಹಾಗಾಗಿ ಆ ಮೂರು ಅಕ್ಷರಗಳನ್ನೂ ಗೂಢಲಿಪಿಗೆ ತಿರುಗಿಸಿ ಸಂದೇಶದ ಮೊದಲಲ್ಲೇ ಕಳುಹಿಸುತ್ತಿದ್ದ. ರೇಡಿಯೋ ಗದ್ದಲದಲ್ಲಿ ತಪ್ಪಾಗಬಾರದೆಂದು ಎರಡು ಸಲ ಒತ್ತಬೇಕೆಂಬ ನಿಯಮವಿತ್ತು. ಹೀಗೆ ಪ್ರತಿ ಸಂದೇಶದ ಮೊದಲ ಆರು ಅಕ್ಷರಗಳು ಬೀಗದ ಕೈಯೇ ಆಗಿರುತ್ತಿದ್ದವು.

ರೆಯೆಫ್‌ಸ್ಕಿ ಹಿಡಿದದ್ದು ಈ ಎಳೆಯನ್ನು. ಒಂದನೆಯ ಮತ್ತು ನಾಲ್ಕನೆಯ ಅಕ್ಷರಗಳು ಬೇರೆ ಬೇರೆ ಕಂಡರೂ ಅವುಗಳ ಹಿಂದೆ ಇರುವ ಮೂಲ ಅಕ್ಷರ ಒಂದೇ. ಎರಡನೆಯ ಮತ್ತು ಐದನೆಯದಕ್ಕೂ, ಮೂರನೆಯ ಮತ್ತು ಆರನೆಯದಕ್ಕೂ ಹೀಗೆಯೇ. ಒಂದು ದಿನದಲ್ಲಿ ಸುಮಾರು 60ರಿಂದ 80 ಸಂದೇಶಗಳು ಸಿಕ್ಕರೆ, ಯಾವ ಮೊದಲ ಅಕ್ಷರದೊಂದಿಗೆ ಯಾವ ನಾಲ್ಕನೆಯ ಅಕ್ಷರ ಬರುತ್ತದೆ ಎಂಬ ಪಟ್ಟಿ ತುಂಬುತ್ತಿತ್ತು. ಪಟ್ಟಿಯಲ್ಲಿ ಒಂದು ಅಕ್ಷರದಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಹೋಗುತ್ತಾ ಇದ್ದರೆ ಕೊನೆಗೆ ಹೊರಟಲ್ಲಿಗೇ ಬಂದು ಸೇರುತ್ತದೆ. ಅಕ್ಷರಗಳ ಸರಪಳಿ ಸಿಗುತ್ತದೆ. ಈ ಸರಪಳಿಗಳಲ್ಲಿ ಒಂದು ಸೊಗಸಾದ ನಿಯಮವಿದೆ. ಅದನ್ನು ನೀವೇ ಕಂಡುಹಿಡಿಯಬಹುದು.

ಮಾಡಿ ನೋಡಿ

ಕ, ಗ, ಚ, ಜ, ಟ, ಡ, ತ, ದ ಎಂಬ ಎಂಟು ಅಕ್ಷರಗಳನ್ನು ತೆಗೆದುಕೊಳ್ಳಿ.

ಮೊದಲ ಜೋಡಿಗಳು: ಕ–ಗ, ಚ–ಜ, ಟ–ಡ, ತ–ದ.
ಎರಡನೆಯ ಜೋಡಿಗಳು: ಕ–ಚ, ಗ–ಟ, ಜ–ಡ, ತ–ದ.

ಈಗ ‘ಕ’ದಿಂದ ಹೊರಡಿ. ಮೊದಲ ಪಟ್ಟಿಯಲ್ಲಿ ಅದರ ಜೊತೆಗಾರ ‘ಗ’. ಎರಡನೆಯ ಪಟ್ಟಿಯಲ್ಲಿ ‘ಗ’ದ ಜೊತೆಗಾರ ‘ಟ’. ಆದ್ದರಿಂದ ಕ ನಂತರ ಟ ಎಂದು ಬರೆಯಿರಿ. ‘ಟ’ದಿಂದ ಇದೇ ರೀತಿ ಹೋದರೆ ‘ಜ’ ಸಿಗುತ್ತದೆ. ‘ಜ’ದಿಂದ ಹೋದರೆ ಮತ್ತೆ ‘ಕ’! ಇದು ಮೂರು ಅಕ್ಷರಗಳ ಸರಪಳಿ: ಕ, ಟ, ಜ.

‘ಗ’ದಿಂದ ಹೊರಟರೆ ಗ, ಚ, ಡ. ಇದೂ ಮೂರರ ಸರಪಳಿಯೇ. ಉಳಿದ ‘ತ’ ಮತ್ತು ‘ದ’ ತಮ್ಮಲ್ಲಿಗೇ ಮರಳುತ್ತವೆ. ಅವು ಒಂದೊಂದೇ ಅಕ್ಷರದ ಎರಡು ಸರಪಳಿಗಳು.

ಗಮನಿಸಿದಿರಾ? 3, 3, 1, 1. ಒಂದೇ ಉದ್ದದ ಸರಪಳಿಗಳು ಯಾವಾಗಲೂ ಎರಡೆರಡಾಗಿ ಬರುತ್ತವೆ. ನಿಮಗೆ ಇಷ್ಟವಾದ ಹಾಗೆ ಬೇರೆ ಜೋಡಿಗಳನ್ನು ಮಾಡಿ ಮತ್ತೆ ಪರೀಕ್ಷಿಸಿ. ನಿಯಮ ತಪ್ಪುವುದಿಲ್ಲ.

ಈ ನಿಯಮವನ್ನು ಬಳಸಿ ರೆಯೆಫ್‌ಸ್ಕಿ ಸರಪಳಿಗಳಿಂದ ಹಿಂದಕ್ಕೆ, ಅಂದರೆ ಮೂಲ ಜೋಡಿಗಳ ಕಡೆಗೆ ನಡೆದರು. ಇದಕ್ಕೆ ಸೈನಿಕರ ಸೋಮಾರಿತನವೂ ನೆರವಾಯಿತು. ಅವರು ಬೀಗದ ಕೈಗೆ ‘ಎಎಎ’, ‘ಬಿಬಿಬಿ’ ಎಂಬಂಥ ಸುಲಭದ ಅಕ್ಷರಗಳನ್ನೇ ಆರಿಸುತ್ತಿದ್ದರು. ಅವರ ಅಭ್ಯಾಸವನ್ನು ಊಹಿಸಿದಾಗ ಹಲವು ಸಾಧ್ಯತೆಗಳಲ್ಲಿ ಸರಿಯಾದದ್ದು ಯಾವುದು ಎಂದು ತಿಳಿಯುತ್ತಿತ್ತು.

ಕೊನೆಯ ತೊಡಕು

ಈಗ ಕೈಯಲ್ಲಿ ಸಮೀಕರಣಗಳು ಇದ್ದವು. ಆದರೆ ಗೊತ್ತಿಲ್ಲದ ಸಂಗತಿಗಳೇ ಹೆಚ್ಚು. ಚಕ್ರದ ತಂತಿಗಳೂ ಗೊತ್ತಿಲ್ಲ, ಪ್ಲಗ್ ಹಲಗೆಯ ಜೋಡಣೆಯೂ ಗೊತ್ತಿಲ್ಲ. ಅಷ್ಟರಲ್ಲಿ, 1932ರ ಡಿಸೆಂಬರ್‌ನಲ್ಲಿ ಫ್ರಾನ್ಸ್‌ನಿಂದ ಒಂದು ಸಹಾಯ ಬಂತು. ಹಾನ್ಸ್ ಟಿಲೊ ಷ್ಮಿಟ್ ಎಂಬ ಜರ್ಮನ್ ನೌಕರ ಹಣಕ್ಕಾಗಿ ಫ್ರೆಂಚರಿಗೆ ಕೆಲವು ಕಾಗದಪತ್ರಗಳನ್ನು ಮಾರಿದ್ದ. ಅವುಗಳಲ್ಲಿ 1932ರ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳ ಪ್ಲಗ್ ಜೋಡಣೆಗಳು ಇದ್ದವು. ಚಕ್ರದ ತಂತಿಗಳ ವಿವರ ಮಾತ್ರ ಎಲ್ಲೂ ಇರಲಿಲ್ಲ. ಆದರೂ ಗೊತ್ತಿಲ್ಲದ ಸಂಗತಿಗಳ ಪಟ್ಟಿ ಚಿಕ್ಕದಾಯಿತು.

ರೆಯೆಫ್‌ಸ್ಕಿ ಲೆಕ್ಕ ಹಾಕಿದರು. ಉತ್ತರ ಬರಲಿಲ್ಲ. ಎಲ್ಲಿ ತಪ್ಪಿರಬಹುದು? ಕೀಲಿಮಣೆಯಿಂದ ಚಕ್ರಗಳಿಗೆ ಹೋಗುವ ತಂತಿಗಳು ಯಾವ ಕ್ರಮದಲ್ಲಿವೆ ಎಂಬುದನ್ನು ಅವರು ಮಾರುಕಟ್ಟೆಯ ಎನಿಗ್ಮಾ ನೋಡಿ ಊಹಿಸಿದ್ದರು. ಅದರಲ್ಲಿ ತಂತಿಗಳು ಕೀಲಿಮಣೆಯ ಕ್ರಮದಲ್ಲೇ, ಅಂದರೆ ಕ್ಯೂ, ಡಬ್ಲ್ಯೂ, ಇ ಎಂದು ಇದ್ದವು. ಸೈನ್ಯದವರು ಬೇರೆ ಕ್ರಮ ಇಟ್ಟಿದ್ದರೆ? ಜರ್ಮನರಿಗೆ ಅಚ್ಚುಕಟ್ಟು ಹೆಚ್ಚು. ಹಾಗಾದರೆ ಸುಮ್ಮನೆ ಎ, ಬಿ, ಸಿ ಎಂಬ ಕ್ರಮವೇ ಇರಬಹುದಲ್ಲವೇ ಎಂದು ಯೋಚಿಸಿ ಹಾಗೆಯೇ ಲೆಕ್ಕ ಹಾಕಿದರು. ತಂತಿಗಳ ಜೋಡಣೆ ಕಾಗದದ ಮೇಲೆ ತಾನಾಗಿ ಮೂಡಿಬಂತು!

ಇನ್ನೊಂದು ಅದೃಷ್ಟವೂ ಕೂಡಿಬಂತು. ಆಗ ಜರ್ಮನರು ಚಕ್ರಗಳ ಸ್ಥಾನವನ್ನು ಮೂರು ತಿಂಗಳಿಗೊಮ್ಮೆ ಬದಲಿಸುತ್ತಿದ್ದರು. ಸೆಪ್ಟೆಂಬರ್ ಮತ್ತು ಅಕ್ಟೋಬರ್ ಬೇರೆ ಬೇರೆ ತ್ರೈಮಾಸಿಕಗಳಿಗೆ ಸೇರಿದ್ದರಿಂದ ಬಲಗಡೆಯ ಸ್ಥಾನದಲ್ಲಿ ಬೇರೆ ಬೇರೆ ಚಕ್ರಗಳು ಇದ್ದವು. ಹೀಗೆ ಎರಡು ಚಕ್ರಗಳ ಜೋಡಣೆ ಸಿಕ್ಕಿತು. ಉಳಿದ ಚಕ್ರ ಮತ್ತು ಪ್ರತಿಫಲಕದ ಜೋಡಣೆಯನ್ನು ಆಮೇಲೆ ಕಂಡುಕೊಂಡರು. 1933ರ ಆರಂಭದಲ್ಲಿ ಪೋಲೆಂಡಿನವರು ಜರ್ಮನ್ ಸೈನ್ಯದ ಸಂದೇಶಗಳನ್ನು ಓದತೊಡಗಿದರು. ಸೈನ್ಯದ ಎನಿಗ್ಮಾವನ್ನು ಕಣ್ಣಿನಿಂದ ನೋಡದೆಯೇ ಅದರ ತದ್ರೂಪುಗಳನ್ನು ವಾರ್ಸಾದ ಕಾರ್ಖಾನೆಯೊಂದರಲ್ಲಿ ತಯಾರಿಸಿದರು.

ಬೆಕ್ಕು ಇಲಿಯ ಆಟ

ಕೆಲಸ ಅಲ್ಲಿಗೆ ಮುಗಿಯಲಿಲ್ಲ. ದಿನದಿನದ ಬೀಗದ ಕೈ ಹುಡುಕಬೇಕಿತ್ತು. ಇಲ್ಲಿ ರೆಯೆಫ್‌ಸ್ಕಿ ಮತ್ತೊಂದು ಜಾಣ್ಮೆ ತೋರಿದರು. ಪ್ಲಗ್ ಹಲಗೆ ಸರಪಳಿಯಲ್ಲಿನ ಅಕ್ಷರಗಳನ್ನು ಬದಲಿಸಬಹುದು, ಸರಪಳಿಯ ಉದ್ದವನ್ನು ಬದಲಿಸಲಾರದು. ಹಾಗಾದರೆ ಹತ್ತು ಸಾವಿರ ಕೋಟಿಯ ಲೆಕ್ಕವನ್ನೇ ಬಿಟ್ಟು ಚಕ್ರಗಳ ಸ್ಥಾನಗಳನ್ನು ಮಾತ್ರ ನೋಡಿದರೆ ಸಾಕು! ಮೂರು ಚಕ್ರಗಳನ್ನು ಜೋಡಿಸುವ ಕ್ರಮ 6. ಪ್ರತಿ ಕ್ರಮದಲ್ಲಿ 26 × 26 × 26 = 17,576 ಸ್ಥಾನಗಳು. ಒಟ್ಟು 1,05,456. ಪ್ರತಿಯೊಂದರ ಸರಪಳಿಗಳ ಉದ್ದವನ್ನೂ ಕಾರ್ಡುಗಳ ಮೇಲೆ ಬರೆದಿಡಲು ಅವರು ಸೈಕ್ಲೋಮೀಟರ್ ಎಂಬ ಸಾಧನ ರೂಪಿಸಿದರು. ಒಂದು ವರ್ಷಕ್ಕೂ ಹೆಚ್ಚು ಕಾಲ ಶ್ರಮಿಸಿ ಪಟ್ಟಿ ಮುಗಿಸಿದರು. ಆಮೇಲೆ ಒಂದು ದಿನದ ಬೀಗದ ಕೈ ಹುಡುಕಲು ಹೆಚ್ಚು ಸಮಯ ಬೇಕಾಗಲಿಲ್ಲ.

ಆದರೆ 1937ರ ನವೆಂಬರ್‌ನಲ್ಲಿ ಜರ್ಮನರು ಪ್ರತಿಫಲಕವನ್ನು ಬದಲಿಸಿದರು. ಇಡೀ ಪಟ್ಟಿ ಕೆಲಸಕ್ಕೆ ಬಾರದಾಯಿತು. ಅವರು ಬೇಸರಿಸದೆ ಮೊದಲಿನಿಂದ ಮತ್ತೆ ಬರೆದರು. 1938ರ ಸೆಪ್ಟೆಂಬರ್‌ನಲ್ಲಿ ಬೀಗದ ಕೈ ಕಳುಹಿಸುವ ನಿಯಮವೇ ಬದಲಾಯಿತು. ಆಗ ರೆಯೆಫ್‌ಸ್ಕಿ ಆರು ಎನಿಗ್ಮಾಗಳನ್ನು ಸೇರಿಸಿದಂತಿರುವ ‘ಬೊಂಬಾ’ ಎಂಬ ವಿದ್ಯುತ್ ಯಂತ್ರವನ್ನು ರೂಪಿಸಿದರು. ಜಿಗಾಲ್ಸ್ಕಿ ತೂತು ಮಾಡಿದ ಕಾಗದದ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಬೆಳಕು ತೂರಿಬರುವ ಜಾಗ ಹುಡುಕುವ ಉಪಾಯ ಕಂಡುಹಿಡಿದರು. ಆದರೆ ಅದೇ ವರ್ಷದ ಡಿಸೆಂಬರ್‌ನಲ್ಲಿ ಇನ್ನೂ ಎರಡು ಚಕ್ರಗಳು ಬಂದವು. ಐದರಲ್ಲಿ ಮೂರನ್ನು ಆರಿಸಿ ಜೋಡಿಸುವ ಕ್ರಮಗಳು 6ರಿಂದ 60ಕ್ಕೆ ಏರಿದವು. ಕೆಲಸ ಹತ್ತು ಪಟ್ಟಾಯಿತು. ಪುಟ್ಟ ದೇಶದ ಬಳಿ ಅಷ್ಟು ಹಣವೂ ಸಮಯವೂ ಇರಲಿಲ್ಲ.

ಗುಟ್ಟನ್ನು ಹಂಚಿಕೊಂಡರು

ಯುದ್ಧ ಹತ್ತಿರ ಬಂದಿತ್ತು. ತಾವು ಸೋತರೂ ತಮ್ಮ ತಿಳಿವಳಿಕೆ ಸೋಲಬಾರದು ಎಂದು ಪೋಲೆಂಡಿನವರು ತೀರ್ಮಾನಿಸಿದರು. 1939ರ ಜುಲೈ ಕೊನೆಯ ವಾರ ವಾರ್ಸಾ ಬಳಿಯ ಪೀರಿ ಎಂಬಲ್ಲಿ, ಕಾಡಿನೊಳಗಿದ್ದ ಕಚೇರಿಗೆ ಬ್ರಿಟನ್ ಮತ್ತು ಫ್ರಾನ್ಸ್ ದೇಶಗಳ ತಜ್ಞರನ್ನು ಕರೆಸಿದರು. ಆರು ವರ್ಷಗಳಿಗೂ ಹೆಚ್ಚು ಕಾಲ ಕಾಪಾಡಿದ್ದ ಗುಟ್ಟನ್ನೆಲ್ಲ ಬಿಚ್ಚಿಟ್ಟರು. ಎರಡೂ ದೇಶಗಳಿಗೆ ಒಂದೊಂದು ತದ್ರೂಪು ಎನಿಗ್ಮಾ ಕೊಡಲು ಒಪ್ಪಿದರು. ಬ್ರಿಟನ್ನಿನ ತಜ್ಞರಿಗೆ ಬಿಡಿಸಲಾಗದೆ ಉಳಿದಿದ್ದ ತೊಡಕು ಯಾವುದು ಗೊತ್ತೆ? ಕೀಲಿಮಣೆಯ ತಂತಿಗಳ ಕ್ರಮ! ಅದು ಬರೀ ಎ, ಬಿ, ಸಿ ಎಂದು ತಿಳಿದು ಅವರು ಬೆರಗಾದರು.

ಐದು ವಾರಗಳ ನಂತರ, ಸೆಪ್ಟೆಂಬರ್ 1ರಂದು ಜರ್ಮನಿ ಪೋಲೆಂಡಿನ ಮೇಲೆ ದಾಳಿ ಮಾಡಿತು. ಬ್ರಿಟನ್ನಿನ ಬ್ಲೆಚ್ಲಿ ಪಾರ್ಕ್‌ನಲ್ಲಿ ಅಲನ್ ಟ್ಯೂರಿಂಗ್ ಮತ್ತು ಅವರ ಸಂಗಡಿಗರು ಮುಂದೆ ಮಾಡಿದ ದೊಡ್ಡ ಕೆಲಸಕ್ಕೆ ಈ ಸಭೆಯೇ ಬುನಾದಿಯಾಯಿತು.

ಅಲೆದಾಟ

ರೆಯೆಫ್‌ಸ್ಕಿ ಹೆಂಡತಿ ಮತ್ತು ಇಬ್ಬರು ಪುಟ್ಟ ಮಕ್ಕಳನ್ನು ಊರಿನಲ್ಲೇ ಬಿಟ್ಟು ರುಮೇನಿಯಾ ಮೂಲಕ ಫ್ರಾನ್ಸ್ ಸೇರಿದರು. ಅಲ್ಲಿ ಮತ್ತೆ ಗೂಢಲಿಪಿಯ ಕೆಲಸ. 1940ರ ಜನವರಿಯಲ್ಲಿ ಟ್ಯೂರಿಂಗ್ ಅವರೇ ಅಲ್ಲಿಗೆ ಬಂದು ಇವರನ್ನು ಭೇಟಿಯಾದರು. ಅದೇ ವರ್ಷ ಫ್ರಾನ್ಸ್ ಸೋತಾಗ ದಕ್ಷಿಣ ಫ್ರಾನ್ಸಿನಲ್ಲಿ ಗುಟ್ಟಾಗಿ ಕೆಲಸ ಮುಂದುವರಿಸಿದರು. 1942ರ ಜನವರಿಯಲ್ಲಿ ಹಡಗು ಮುಳುಗಿ ರುಜಿಟ್ಸ್ಕಿ ತೀರಿಕೊಂಡರು. 1943ರಲ್ಲಿ ರೆಯೆಫ್‌ಸ್ಕಿ ಮತ್ತು ಜಿಗಾಲ್ಸ್ಕಿ ಪಿರನೀಸ್ ಬೆಟ್ಟಗಳನ್ನು ದಾಟಿ ಸ್ಪೇನ್‌ಗೆ ಹೊರಟರು. ದಾರಿ ತೋರಿಸಬೇಕಾದವನೇ ಪಿಸ್ತೂಲು ತೋರಿಸಿ ಇದ್ದ ಹಣವನ್ನು ದೋಚಿದ. ಸ್ಪೇನ್‌ನಲ್ಲಿ ಕೆಲವು ತಿಂಗಳು ಸೆರೆಮನೆಯಲ್ಲಿದ್ದು, ಕೊನೆಗೆ ಬ್ರಿಟನ್ ತಲುಪಿದರು. ಅಲ್ಲಿ ಅವರಿಗೆ ಬೇರೆ ಸಣ್ಣ ಗೂಢಲಿಪಿಗಳ ಕೆಲಸ ಸಿಕ್ಕಿತು. ತಾವೇ ಬಿಡಿಸಿದ ಎನಿಗ್ಮಾದ ಹತ್ತಿರಕ್ಕೂ ಅವರನ್ನು ಕರೆಯಲಿಲ್ಲ.

ಹಿಂದೆ ಉಳಿದು ಜರ್ಮನರ ಸೆರೆ ಸೇರಿದ ಪೋಲಿಷ್ ಸಹೋದ್ಯೋಗಿಗಳು ಗುಟ್ಟನ್ನು ಬಿಟ್ಟುಕೊಡಲಿಲ್ಲ. ಎನಿಗ್ಮಾ ಭದ್ರವಾಗಿದೆ ಎಂದೇ ಜರ್ಮನರು ಕೊನೆಯವರೆಗೂ ನಂಬಿದ್ದರು.

ಮೌನದ ವರ್ಷಗಳು

1946ರ ನವೆಂಬರ್‌ನಲ್ಲಿ, ಏಳು ವರ್ಷಗಳ ನಂತರ, ರೆಯೆಫ್‌ಸ್ಕಿ ಮನೆಗೆ ಮರಳಿದರು. ಮರುವರ್ಷವೇ 11 ವರ್ಷದ ಮಗ ಪೋಲಿಯೋದಿಂದ ತೀರಿಕೊಂಡ. ಪೋಲಿಯೋ ಲಸಿಕೆ ಆಗಿನ್ನೂ ಬಂದಿರಲಿಲ್ಲ. ರೆಯೆಫ್‌ಸ್ಕಿ ಮನೆಯವರನ್ನು ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಹುಟ್ಟೂರಿನ ಕೇಬಲ್ ಕಾರ್ಖಾನೆಯಲ್ಲಿ, ಆಮೇಲೆ ಬೇರೆ ಸಂಸ್ಥೆಗಳಲ್ಲಿ ನೌಕರರಾಗಿ ದುಡಿದರು. ಹೊರದೇಶದಲ್ಲಿದ್ದ ಪೋಲಿಷ್ ಸೈನ್ಯಕ್ಕೆ ಸೇರಿದ್ದವರೆಂದು ಪೊಲೀಸರು ವರ್ಷಗಟ್ಟಲೆ ಅವರ ಮೇಲೆ ಕಣ್ಣಿಟ್ಟಿದ್ದರು. ಅಕ್ಕಪಕ್ಕದ ಮೇಜಿನಲ್ಲಿ ಕೂರುವವರಿಗೂ ಇವರು ಯಾರೆಂದು ಗೊತ್ತಿರಲಿಲ್ಲ.

1967ರಲ್ಲಿ ನಿವೃತ್ತರಾದರು. 1973ರಲ್ಲಿ ಫ್ರಾನ್ಸಿನ ಅಧಿಕಾರಿ ಗುಸ್ತಾವ್ ಬರ್ತ್ರಾಂ ಅವರ ಪುಸ್ತಕ ಬಂದ ಮೇಲೆ ಎನಿಗ್ಮಾದ ವಿಷಯ ಜಗತ್ತಿಗೆ ತಿಳಿಯತೊಡಗಿತು. ಆಗ ರೆಯೆಫ್‌ಸ್ಕಿ ತಾವು ಹಾಕಿದ ಲೆಕ್ಕಗಳನ್ನು ಲೇಖನಗಳಲ್ಲಿ ವಿವರಿಸಿದರು. 1980ರ ಫೆಬ್ರವರಿ 13ರಂದು ವಾರ್ಸಾದಲ್ಲಿ, 74ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ನಿಧನರಾದರು. ಜನ್ಮಶತಮಾನೋತ್ಸವದ 2005ರಲ್ಲಿ ಹುಟ್ಟೂರು ಅವರ ಪ್ರತಿಮೆಯನ್ನು ನಿಲ್ಲಿಸಿತು.

ಇಂದಿಗೂ ಅದೇ ದಾರಿ

ಇದೆಲ್ಲ ಹಳೆಯ ಯುದ್ಧದ ಕಥೆ ಎಂದುಕೊಳ್ಳಬೇಡಿ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆರಳು ಒತ್ತುವ ಪುಟ್ಟ ಸಾಧನವನ್ನು ನೀವು ನೋಡಿರಬಹುದು. ಬೆರಳಚ್ಚು ಓದುವ ಇಂಥ ಸಾಧನ ಲ್ಯಾಪ್‌ಟಾಪ್‌ಗಳಲ್ಲೂ ಇರುತ್ತದೆ. ಅದು ಕಂಪ್ಯೂಟರ್ ಜೊತೆ ಮಾತಾಡಲು ಡ್ರೈವರ್ ಎಂಬ ತಂತ್ರಾಂಶ ಬೇಕು. ಎಷ್ಟೋ ಸಲ ತಯಾರಕರು ಒಂದು ಬಗೆಯ ಕಂಪ್ಯೂಟರ್ ವ್ಯವಸ್ಥೆಗೆ ಮಾತ್ರ ಡ್ರೈವರ್ ಕೊಡುತ್ತಾರೆ. ಲಿನಕ್ಸ್‌ನಂಥ ಮುಕ್ತ ತಂತ್ರಾಂಶ ಬಳಸುವವರಿಗೆ ಹಣ ಕೊಟ್ಟು ಕೊಂಡ ಸಾಧನವೂ ಉಪಯೋಗಕ್ಕೆ ಬರುವುದಿಲ್ಲ.

ಆಗ ಕೆಲವರು ರೆಯೆಫ್‌ಸ್ಕಿಯವರ ದಾರಿಯಲ್ಲೇ ನಡೆಯುತ್ತಾರೆ. ಸಾಧನ ಮತ್ತು ಕಂಪ್ಯೂಟರ್ ನಡುವೆ ತಂತಿಯಲ್ಲಿ ಹರಿಯುವ ಅಂಕಿಗಳನ್ನು ಬರೆದುಕೊಳ್ಳುತ್ತಾರೆ. ಏನು ಕಳುಹಿಸಿದರೆ ಏನು ಉತ್ತರ ಬರುತ್ತದೆ, ಯಾವ ಅಂಕಿ ಪ್ರತಿ ಸಲ ಮರಳಿ ಬರುತ್ತದೆ ಎಂದು ಹುಡುಕುತ್ತಾರೆ. ಕೆಲವು ಸಾಧನಗಳು ಗೂಢಲಿಪಿಯಲ್ಲೇ ಮಾತಾಡುತ್ತವೆ. ನಮ್ಮ ಬೆರಳಚ್ಚು ಕಳ್ಳರ ಕೈಗೆ ಸಿಗಬಾರದಲ್ಲವೇ? ಅಂಥ ಕಡೆ ಮಾತುಕತೆ ಶುರುವಾಗುವಾಗ ಬೀಗದ ಕೈಯನ್ನು ಹೇಗೆ ಒಪ್ಪಿಕೊಳ್ಳುತ್ತಾರೆ ಎಂಬುದನ್ನು ಮೊದಲು ತಿಳಿಯಬೇಕು. ರೆಯೆಫ್‌ಸ್ಕಿ ಹಿಡಿದದ್ದೂ ಸಂದೇಶದ ಆರಂಭವನ್ನೇ ಎಂಬುದನ್ನು ನೆನೆಯಿರಿ. ಇವರು ಹೀಗೆ ಬರೆದ ಡ್ರೈವರ್‌ಗಳನ್ನು ‘ಲಿಬ್‌ಎಫ್‌ಪ್ರಿಂಟ್’ ಎಂಬ ಮುಕ್ತ ತಂತ್ರಾಂಶದಲ್ಲಿ ಸೇರಿಸಿ ಎಲ್ಲರಿಗೂ ಉಚಿತವಾಗಿ ಕೊಡುತ್ತಾರೆ. ಇಲ್ಲಿ ಬೇರೆಯವರ ಬೀಗ ಒಡೆಯುವ ಉದ್ದೇಶವಿಲ್ಲ. ತಮ್ಮದೇ ಸಾಧನ ಹೇಗೆ ಕೆಲಸ ಮಾಡುತ್ತದೆ ಎಂದು ಅರಿತು, ಅರಿತದ್ದನ್ನು ಹಂಚಿಕೊಳ್ಳುವ ಉದ್ದೇಶ.

ಒಳಗೆ ಕಾಣದ ವಸ್ತುವನ್ನು ಹೊರಗಿನ ಸುಳಿವುಗಳಿಂದ ಅರಿಯುವುದು ವಿಜ್ಞಾನದ ದಾರಿಯೇ ಆಗಿದೆ. ಭೂಮಿಯ ಒಡಲನ್ನು ನಾವು ತಿಳಿದದ್ದು ಭೂಕಂಪದ ಅಲೆಗಳಿಂದ. ಪರಮಾಣುವಿನ ಒಳಗನ್ನು ತಿಳಿದದ್ದು ಅದಕ್ಕೆ ತಾಗಿ ಚದುರಿದ ಕಣಗಳಿಂದ. ಬರೆದಿಟ್ಟುಕೊಳ್ಳಿ, ಹೋಲಿಸಿ, ಊಹಿಸಿ, ಪರೀಕ್ಷಿಸಿ. ಊಹೆ ತಪ್ಪಾದರೆ ಎಲ್ಲಕ್ಕಿಂತ ಸರಳವಾದದ್ದನ್ನು ಒಮ್ಮೆ ಹಾಕಿ ನೋಡಿ. ಅದು ಎ, ಬಿ, ಸಿ ಆಗಿರಲೂಬಹುದು.

ಯೋಚಿಸಿ, ಉತ್ತರಿಸಿ

1. ಬೀಗದ ಕೈಯನ್ನು ಎರಡು ಸಲ ಕಳುಹಿಸದೆ ಒಂದೇ ಸಲ ಕಳುಹಿಸಿದ್ದರೆ ರೆಯೆಫ್‌ಸ್ಕಿಯವರಿಗೆ ಯಾವ ಸುಳಿವು ತಪ್ಪುತ್ತಿತ್ತು?
2. ಐದು ಚಕ್ರಗಳಲ್ಲಿ ಮೂರನ್ನು ಆರಿಸಿ ಸಾಲಾಗಿ ಇಡುವ ಕ್ರಮಗಳು 60 ಆಗುವುದು ಹೇಗೆ? ಐದು ಬಣ್ಣದ ಚೀಟಿಗಳಿಂದ ಮಾಡಿ ತೋರಿಸಿ.
3. ಹತ್ತು ಅಕ್ಷರಗಳಿಂದ ಎರಡು ಬಗೆಯ ಜೋಡಿಗಳನ್ನು ಮಾಡಿ, ಸರಪಳಿಗಳ ಉದ್ದ ಬರೆಯಿರಿ. ಗೆಳೆಯರ ಉತ್ತರದೊಂದಿಗೆ ಹೋಲಿಸಿ.